ಅಡುಗೆಮನೆಯ ನೆಲ

ಆಮಿನಾತಾ ನಮ್ಮ ಅಡುಗೆಮನೆಯೊಳಗೆ ಬರುವಾಗ ಬಾಗಿಲ ಮೇಲಿನ ತೊಲೆಗೆ ಹಣೆ ಬಡಿದುಕೊಂಡಳು. ಬಗ್ಗಿಯೇ ಬಂದಿದ್ದಳು, ಆದರೆ ಸಾಕಾಗುವಷ್ಟು ಬಗ್ಗಿರಲಿಲ್ಲ. ರೊಟ್ಟಿ ಬಡಿಯುತ್ತಿದ್ದ ಅವ್ವ ಸದ್ದು ಕೇಳಿ ತಿರುಗಿದಳು, ಹಿಟ್ಟಿನ ಕೈಯನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಳು.

"ದಾಕ್ಷಿ, ಈ ಬಾಯಾರಿಗೆ ಹೇಳ, ಇಲ್ಲಿ ಅಂಬಿಗಾಲಿಟ್ಟ ಬರಬೇಕಾಗ್ತೈತಿ ಅಂತ."

ನಾನು ಹೇಳಿದೆ. ಒಬ್ಬರು ಅಂದದ್ದನ್ನು ಇನ್ನೊಬ್ಬರ ಭಾಷೆಯಲ್ಲಿ ಹೇಳುವುದೇ ನನ್ನ ಕೆಲಸವಾಗಿತ್ತು. ಹೆಣ್ಣುಮಕ್ಕಳಿಗೆ ಕೆಡುಕು ಮಾಡುವ ಪದ್ಧತಿಗಳನ್ನು ನಿಲ್ಲಿಸಲು ಹಲವು ದೇಶಗಳು ಸೇರಿ ಮಾಡಿಕೊಂಡ ಸಮಿತಿಯೊಂದು ಆ ವರ್ಷ ನಮ್ಮ ಊರಿಗೂ ಬಂದಿತ್ತು; ದೂರದ ದೇಶದ ಆಮಿನಾತಾ ಅದರವಳು. ಇಂಗ್ಲಿಷ್ ಬರುವ ಹೆಂಗಸು ಬೇಕು ಎಂದಾಗ ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೂರುವ ನನ್ನನ್ನು ತೋರಿಸಿದರು. ನನ್ನ ಇಂಗ್ಲಿಷ್ ಊರಿನ ಗ್ರಂಥಾಲಯದಲ್ಲಿ ಕಲಿತದ್ದು. ಅದೂ ಕಪಾಟಿನ ಕೆಳಗಿನ ಹಲಗೆಗಳಲ್ಲಿದ್ದ ಪುಸ್ತಕಗಳಿಂದ. ಮೇಲಿನವು ನನಗೆ ಎಟುಕುವುದಿಲ್ಲ. ಹೀಗಾಗಿ ದೂರದೇಶದ ಕಾದಂಬರಿಕಾರರಲ್ಲಿ ಕೆಲವರನ್ನು ಒಂದಕ್ಷರ ಬಿಡದೆ ಓದಿದ್ದೇನೆ, ಕೆಲವರ ಹೆಸರೂ ಗೊತ್ತಿಲ್ಲ. ಅವರಲ್ಲಿ ಯಾರು ದೊಡ್ಡವರು ಎಂದು ಯಾರಾದರೂ ಕೇಳಿದರೆ, ಕೈಗೆ ಸಿಕ್ಕವರು ಎನ್ನುತ್ತೇನೆ.

ನಮ್ಮ ಊರಿನ ಹೆಂಗಸರೆಲ್ಲ ಒಂದೇ ಎತ್ತರ. ಎಂಟೊಂಬತ್ತು ವರ್ಷದ ಹುಡುಗಿಯ ಎತ್ತರ. ಹೆಣ್ಣುಮಗುವಿನ ನೆತ್ತಿ ಅಡುಗೆಮನೆಯ ತೊಲೆಗೆ ತಾಗಿದ ವರ್ಷ, ಶೀಗಿ ಹುಣ್ಣಿಮೆಯ ಬೆಳಿಗ್ಗೆ, ಹಿರಿಯಳೊಬ್ಬಳು ಅವಳ ಉಡುದಾರಕ್ಕೆ ಒಂದು ಗಂಟು ಹಾಕುತ್ತಾಳೆ. ಅಲ್ಲಿಗೆ ಬೆಳೆಯುವುದು ನಿಲ್ಲುತ್ತದೆ. ಮುಖಕ್ಕೆ ವಯಸ್ಸಾಗುತ್ತದೆ, ಕೂದಲು ನರೆಯುತ್ತದೆ, ಮಕ್ಕಳಾಗುತ್ತವೆ. ಎತ್ತರ ಮಾತ್ರ ಅಷ್ಟೇ. ಆಮೇಲೆ ಗಂಟು ಬಿಚ್ಚಿದರೂ ಪ್ರಯೋಜನವಿಲ್ಲ. ಬಿಚ್ಚಿ ನೋಡಿದವರಿದ್ದಾರೆ. ಮೊದಲ ವರ್ಷ ಎಲುಬುಗಳು ಒಪ್ಪುವುದಿಲ್ಲ, ಒಳಗಿಂದ ಒದೆಯುತ್ತವೆ. ಹುಡುಗಿಯರು ಬಟ್ಟೆ ಕಚ್ಚಿಕೊಂಡು ಮಲಗುತ್ತಾರೆ. ನಾನೂ ಹಾಗೆ ಮಲಗಿದ್ದೆ. ಆಮೇಲೆ ಎಲುಬುಗಳಿಗೂ ರೂಢಿಯಾಗುತ್ತದೆ.

ಊರಿಗೆ ಎಂದೋ ರೂಢಿಯಾಗಿದೆ. ಬೀದಿಯ ನಲ್ಲಿಗಳಲ್ಲಿ ಒಂದು ಮೇಲಿದ್ದರೆ ಒಂದು ಕೆಳಗಿರುತ್ತದೆ. ಬಸ್ಸಿನ ಮೆಟ್ಟಿಲ ಬಳಿ ಕಂಡಕ್ಟರ್ ಒಂದು ಮಣೆ ಇಟ್ಟುಕೊಂಡಿರುತ್ತಾನೆ. ಕುಪ್ಪಸ ಹೊಲಿಯುವವನಿಗೆ ಉದ್ದದ ಅಳತೆ ಕೇಳಬೇಕಾಗಿಲ್ಲ. ಅಡುಗೆಮನೆಗಳನ್ನು ನಮ್ಮ ಎತ್ತರಕ್ಕೇ ಕಟ್ಟುತ್ತಾರೆ. ಸೂರು ಗಂಡಸರ ಎದೆಮಟ್ಟಕ್ಕೆ ಬರುತ್ತದೆ. ಗಂಡಸರು ಒಳಗೆ ಬರಬಾರದು ಎಂದು ಯಾರೂ ಹೇಳಿಲ್ಲ. ಅವರು ಅದರೊಳಗೆ ಹಿಡಿಯುವುದಿಲ್ಲ, ಅಷ್ಟೇ. ನಮ್ಮ ಅಪ್ಪ ತನ್ನ ಮನೆಯ ಒಲೆ ಯಾವ ದಿಕ್ಕಿಗಿದೆ ಎಂದು ತಿಳಿಯದೆಯೇ ಸತ್ತ.

ಆಮಿನಾತಾ ಮಂಡಿಯೂರಿ ಒಲೆಯ ಪಕ್ಕ ಬಂದು ಕುಳಿತಳು. ಕುಳಿತರೆ ಅವಳೂ ಅವ್ವನೂ ಸಮ. ಅವಳ ಹಣೆಯ ಮೇಲೆ ಏಳುತ್ತಿದ್ದ ಬುಗುಟನ್ನು ಕಸ್ತೂರಿ ಹತ್ತಿರ ಹೋಗಿ ನೋಡಿದಳು. ಕಸ್ತೂರಿ ನನ್ನ ಅಕ್ಕನ ಮಗಳು. ಅವಳನ್ನು ಹೆರಲು ಅಕ್ಕ ಕೋಣೆಯೊಳಗೆ ಹೋದಳು, ತಿರುಗಿ ಬರಲಿಲ್ಲ. ನಮ್ಮೂರಲ್ಲಿ ಹೀಗೇ ಹೇಳುವುದು. ಇಷ್ಟು ಚಿಕ್ಕ ಮೈಯಿಂದ ಮಗು ಹೊರಗೆ ಬರುವುದು ಕೆಲವೊಮ್ಮೆ ಆಗುತ್ತದೆ, ಕೆಲವೊಮ್ಮೆ ಆಗುವುದಿಲ್ಲ. ತಿರುಗಿ ಬರದವರ ಸಂಖ್ಯೆ ಎಷ್ಟೆಂದು ಸಮಿತಿಯವರು ಕೇಳಿದರು; ಯಾರೂ ಎಣಿಸಿರಲಿಲ್ಲ. ಯಾರ ಮನೆಯಲ್ಲಿ ಎಲ್ಲರೂ ತಿರುಗಿ ಬಂದಿದ್ದಾರೆ ಎಂದು ಕೇಳಿದ್ದರೆ ಹೇಳುವುದು ಸುಲಭವಾಗುತ್ತಿತ್ತು. ಅಕ್ಕನಿಗೆ ಗಂಟು ಹಾಕಿದವಳು ಅವ್ವ. ನನಗೂ ಅವಳೇ. ನಮ್ಮ ಓಣಿಯ, ಆಚೆ ಓಣಿಯ ಹುಡುಗಿಯರಿಗೂ ಅವಳೇ. ಅವ್ವನ ಕೈ ಹಗುರ, ಅವಳು ಹಾಕಿದರೆ ನೋವು ಕಡಿಮೆ ಎಂಬ ಹೆಸರಿತ್ತು.

"ನಿಮ್ಮ ತಲಿ ಇರೂ ಕಡಿ, ಮ್ಯಾಲ, ಗಾಳಿ ತಣ್ಣಗ ಇರ್ತೈತೇನ್ರಿ?" ಎಂದು ಕಸ್ತೂರಿ ಆಮಿನಾತಾಳನ್ನು ಕೇಳಿದಳು.

ನಾನು ಹೇಳಿದೆ. ಆಮಿನಾತಾ ಯೋಚಿಸಿ, ಒಲೆಯ ಹೊಗೆ ಮಾತ್ರ ಅಲ್ಲಿ ಜಾಸ್ತಿ ಎಂದಳು. ಅವ್ವನಿಗೆ ಆ ಉತ್ತರ ಹಿಡಿಸಿತು. ಬಿಸಿ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿ ಅವಳ ಕೈಗೆ ಕೊಟ್ಟಳು.

ಉಳಿದ ಸಮಿತಿಯವರು ಪುರಸಭೆಯ ಸಭಾಂಗಣದಲ್ಲಿ ಪರದೆಯ ಮೇಲೆ ಚಿತ್ರ ತೋರಿಸುತ್ತಿದ್ದರು. ಆಮಿನಾತಾ ಮನೆಮನೆಗೆ ಹೋಗುತ್ತಿದ್ದಳು. ರೊಟ್ಟಿ ತಿನ್ನುತ್ತ ಅವಳು ತನ್ನ ಊರಿನ ಮಾತು ತೆಗೆದಳು. ತಮ್ಮಲ್ಲಿ ದಾರವಲ್ಲ, ಬ್ಲೇಡು ಎಂದಳು. ಎಲ್ಲಿ ಕೊಯ್ಯುತ್ತಾರೆ ಎಂದೂ ಹೇಳಿದಳು. ನಾನು ಕಸ್ತೂರಿಯನ್ನು ಸೌದೆ ತರಲು ಕಳಿಸಿ, ಆಮೇಲೆ ಅದನ್ನು ಅವ್ವನಿಗೆ ಹೇಳಿದೆ. ತನ್ನ ಕಾಲು ಹಿಡಿದುಕೊಂಡಿದ್ದವಳು ತನ್ನ ತಾಯಿಯೇ ಎಂದು ಆಮಿನಾತಾ ಸೇರಿಸಿದಳು.

ಅವ್ವ ಹಂಚಿನ ಮೇಲಿದ್ದ ರೊಟ್ಟಿಯನ್ನು ಮಗುಚುವುದು ಮರೆತಳು.

"ಆಮ್ಯಾಲ ಅವ್ವನ್ನ ಮಾತಾಡ್ಸಿದ್ಯೇನು ಅಂತ ಕೇಳ."

"ಬಹಳ ವರ್ಷ ಇಲ್ಲ," ಎಂದಳು ಆಮಿನಾತಾ.

"ಈಗ?"

"ಈಗ ಅವಳಿಲ್ಲ."

ಸುಟ್ಟ ರೊಟ್ಟಿಯನ್ನು ಅವ್ವ ತಾನೇ ತಿಂದಳು. ಆಮಿನಾತಾ ಹೊರಡುವಾಗ ಮತ್ತೆ ತೊಲೆಗೆ ತಲೆ ಬಡಿಯದಂತೆ ಅದಕ್ಕೆ ತನ್ನ ಅಂಗೈ ಅಡ್ಡ ಹಿಡಿದು ನಿಂತಳು. ಅದಕ್ಕೆ ಅವಳು ತುದಿಗಾಲ ಮೇಲೂ ನಿಲ್ಲಬೇಕಾಗಲಿಲ್ಲ.

ಪುರಸಭೆಯ ಅಧ್ಯಕ್ಷ ರಾಚೋಟೆಪ್ಪ ಸಮಿತಿ ಕೇಳಿದ್ದಕ್ಕೆಲ್ಲ ಹೂಂ ಎಂದ. ಗಂಟು ನಿಲ್ಲಿಸಬೇಕು ಎಂದರೆ ಹೂಂ. ಹಾಕಿದವರಿಗೆ ಶಿಕ್ಷೆಯಾಗಬೇಕು ಎಂದರೆ ಹೂಂ. ಅಡುಗೆಮನೆಗಳ ಸೂರು ಎತ್ತಿಸಬಾರದೇಕೆ ಎಂದು ಆಮಿನಾತಾ ಕೇಳಿದಾಗ ಮಾತ್ರ ಅವನು ಕುರ್ಚಿಯಲ್ಲಿ ಸರಿದು ಕುಳಿತ.

"ಸೂರು ಮನಿತನದ್ರಿ. ಒಂದ ಜಂತಿ ಅಲಗಿಸಬೇಕಂದ್ರೂ ಅಣ್ಣತಮ್ಮರು, ದೊಡ್ಡಪ್ಪ ಚಿಕ್ಕಪ್ಪ ಎಲ್ಲಾರೂ ಕೂಡಿ ಒಪ್ಪಬೇಕು. ನಮ್ಮೂರಾಗ ಅಣ್ಣತಮ್ಮರು ಒಪ್ಪಿದ್ದು ನಾ ಅಂತೂ ನೋಡಿಲ್ಲ."

ಸಮಿತಿಯಲ್ಲಿ ಸದಾ ಲ್ಯಾಪ್‌ಟಾಪ್ ತೆರೆದುಕೊಂಡಿರುವ ಒಬ್ಬನಿದ್ದ. ಸೂರಿನ ಮಾತು ಆಮೇಲೆ ನೋಡೋಣ, ಮೊದಲು ಅಳೆಯಬಹುದಾದ ಒಂದು ಗುರುತು ಬೇಕು ಎಂದ. ಹುಡುಗಿಯರ ವಯಸ್ಸು ಹೇಗೆ ತಿಳಿಯುತ್ತೀರಿ ಎಂದು ಕೇಳಿದ. ನಮ್ಮೂರಲ್ಲಿ ಹುಡುಗಿಯರ ವಯಸ್ಸನ್ನು ವರ್ಷದಲ್ಲಿ ಹೇಳುವ ಪದ್ಧತಿಯಿಲ್ಲ. ಮಣೆ ಮುಟ್ಟಿದಳು, ಕಿಟಕಿ ಮುಟ್ಟಿದಳು, ತೊಲೆ ಮುಟ್ಟಿದಳು ಎನ್ನುತ್ತೇವೆ. ತೊಲೆ ಮುಟ್ಟಿದಾಗ ಗಂಟು. ಅವನಿಗೆ ಇದು ಬಹಳ ಅನುಕೂಲವಾಗಿ ಕಂಡಿತು. ಶಾಲೆಯ ಗೋಡೆಯ ಮೇಲೆ ತೊಲೆಯ ಎತ್ತರಕ್ಕೆ ಒಂದು ಕೆಂಪು ಗೆರೆ ಎಳೆಯುವುದು. ನೆತ್ತಿ ಆ ಗೆರೆ ದಾಟಿದ ಹುಡುಗಿಯನ್ನು ಆಗಾಗ ಗೋಡೆಗೆ ನಿಲ್ಲಿಸಿ ಅಳೆಯುವುದು. ಬೆಳೆಯುವುದು ನಿಂತಿತೋ, ಅವಳ ತಂದೆಯನ್ನು ಹಿಡಿದು ಕೇಳುವುದು. ಗೆರೆಯ ಕೆಳಗಿನವರು ಇನ್ನೂ ಮಕ್ಕಳು, ಅವರನ್ನು ಅಳೆಯುವ ಅಗತ್ಯವಿಲ್ಲ.

"ಗೆರೆಯ ಕೆಳಗಿರುವಾಗಲೇ ಕಟ್ಟಿದರೆ?" ಎಂದಳು ಆಮಿನಾತಾ.

ಹಾಗೆ ಕಟ್ಟುವ ಪದ್ಧತಿ ಇದೆಯೇ ಎಂದು ಅವನು ರಾಚೋಟೆಪ್ಪನನ್ನು ಕೇಳಿದ. ಇಲ್ಲ ಎಂದ ರಾಚೋಟೆಪ್ಪ. ಅದು ನಿಜವೇ ಆಗಿತ್ತು. ಆವರೆಗೆ ಇರಲಿಲ್ಲ.

ಶಾಲೆಯ ಮೈದಾನದಲ್ಲಿ ಬೆಂಕಿ ಹಾಕಿದರು. ಗಂಟು ಹಾಕುವ ಮುದುಕಿಯರೆಲ್ಲ ಸಾಲಾಗಿ ಬಂದು ತಮ್ಮ ದಾರದ ಉಂಡೆಗಳನ್ನು ಬೆಂಕಿಗೆ ಎಸೆದರು. ದೂರದ ಪತ್ರಿಕೆಗಳವರು ಫೋಟೋ ತೆಗೆಯಲು ನೆಲದ ಮೇಲೆ ಮಲಗಿದರು; ನಿಂತು ತೆಗೆದರೆ ನಮ್ಮ ನೆತ್ತಿ ಮಾತ್ರ ಬರುತ್ತಿತ್ತು. ಇನ್ನು ಮುಂದೆ ನಮ್ಮ ಹೆಣ್ಣುಮಕ್ಕಳು ಆಕಾಶದೆತ್ತರಕ್ಕೆ ಬೆಳೆಯುತ್ತಾರೆ ಎಂದು ರಾಚೋಟೆಪ್ಪ ಭಾಷಣ ಮಾಡಿದ.

"ಆಕಾಶ ಮುಟ್ಟಿದ ಮ್ಯಾಲ ಇವನ ಮನ್ಯಾಗ ಭಾಂಡೆ ಯಾರ ತಿಕ್ತಾರಂತ?" ಎಂದು ಹಿಂದಿನಿಂದ ಯಾರೋ ಅಂದರು. ಅದನ್ನೂ ಇಂಗ್ಲಿಷಿನಲ್ಲಿ ಹೇಳಬೇಕೋ ಬೇಡವೋ ಎಂದು ನಾನು ಯೋಚಿಸುವಷ್ಟರಲ್ಲಿ ಚಪ್ಪಾಳೆ ಬಿದ್ದಿತು.

ಅವ್ವ ಎಸೆದದ್ದು ಮೇಕೆ ಕಟ್ಟುವ ಹಗ್ಗದ ತುಂಡು. ನನಗೆ ಗೊತ್ತಾಯಿತು. ಆಮಿನಾತಾ ಅವಳನ್ನು ತಬ್ಬಿಕೊಳ್ಳಲು ನೆಲಕ್ಕೆ ಮಂಡಿಯೂರಿದಳು. ಅವ್ವ ಅವಳ ಬೆನ್ನು ತಟ್ಟಿದಳು, ಅತ್ತ ಮಗುವಿಗೆ ತಟ್ಟುವ ಹಾಗೆ. ದಾರದ ಉಂಡೆ ಮನೆಯಲ್ಲಿ ಉಪ್ಪಿನ ಮಡಕೆಯ ಹಿಂದೆಯೇ ಇತ್ತು.

ಸಮಿತಿ ಹೋದ ಮೇಲೆ ಕೆಲವು ತಿಂಗಳು ಊರು ಸುಮ್ಮನಿತ್ತು. ಗೆರೆ ದಾಟಿದ್ದ ಬೆರಳೆಣಿಕೆಯ ಹುಡುಗಿಯರು ಬೆಳೆಯತೊಡಗಿದರು. ಬಾವಿಯ ಕಟ್ಟೆಯಲ್ಲಿ ಅವರು ನಿಂತರೆ ಉಳಿದವರು ಸರಿದು ಜಾಗ ಬಿಡುತ್ತಿದ್ದರು; ಗೌರವಕ್ಕೋ ಅಸಹ್ಯಕ್ಕೋ ಹೇಳಲಾಗದು. ಅವರ ತಾಯಂದಿರು ಮಗಳ ಪಾದ ನೋಡಿ ಬಾಯಿಗೆ ಸೆರಗು ಹಚ್ಚುತ್ತಿದ್ದರು. ಯಾವ ಮನೆಯ ಅಡುಗೆಮನೆಯಲ್ಲೂ ಅವರು ಹಿಡಿಯುತ್ತಿರಲಿಲ್ಲ, ಹಾಗಾಗಿ ಅವರು ಗಂಡಸರ ಜೊತೆ ಪಡಸಾಲೆಯಲ್ಲಿ ಕುಳಿತು ಉಂಡರು. ಅದನ್ನು ನೋಡಿದ ಬೇರೆ ಮನೆಗಳವರು ತಮ್ಮ ಹುಡುಗಿಯರನ್ನು ಗೆರೆ ಮುಟ್ಟುವ ಮೊದಲೇ ಕಟ್ಟಿದರು. ಹುಣ್ಣಿಮೆಗೆ ಕಾಯಲಿಲ್ಲ. ಉಡುದಾರ ಕಣ್ಣಿಗೆ ಬೀಳುತ್ತದೆ ಎಂದು ಲಂಗದ ಲಾಡಿಗೆ ಗಂಟು ಹಾಕಿದರು. ಅದೂ ಕೆಲಸ ಮಾಡಿತು. ಕಟ್ಟಿಸಿಕೊಂಡವರು ಯಾವತ್ತೂ ಗೆರೆಯನ್ನು ಮುಟ್ಟುವುದಿಲ್ಲವಾದ್ದರಿಂದ ಗೋಡೆಯ ಲೆಕ್ಕದಲ್ಲಿ ಯಾವತ್ತೂ ಮಕ್ಕಳೇ. ಗೆರೆಯ ಮೇಲಿದ್ದವರೆಲ್ಲ ಬೆಳೆಯುತ್ತಿದ್ದರು. ಪದ್ಧತಿ ನಿಂತಿದೆ ಎಂದು ಸಮಿತಿ ಪ್ರಕಟಿಸಿತು. ನಮ್ಮ ಊರಿನ ಹೆಸರು ರೇಡಿಯೋದಲ್ಲಿ ಬಂತು. ನಾನು ಆಮಿನಾತಾಳಿಗೆ ನಡೆದದ್ದನ್ನು ಬರೆದು ಹಾಕಿದೆ. ಅವಳನ್ನು ಆಗಲೇ ಇನ್ನೊಂದು ದೇಶಕ್ಕೆ, ಇನ್ನೊಂದು ಪದ್ಧತಿಗೆ ಕಳಿಸಿದ್ದರಂತೆ. ನೀನು ಹೇಳುವುದನ್ನು ನಂಬುತ್ತೇನೆ, ಕಸ್ತೂರಿ ಗೆರೆ ದಾಟುವವರೆಗೆ ಅವಳ ಕೈ ಬಿಡಬೇಡ ಎಂದು ಉತ್ತರ ಬಂತು.

ಕಸ್ತೂರಿಗೆ ಗೆರೆ ಒಂದು ಬೆರಳು ದೂರವಿತ್ತು. ದಿನಾ ಸಂಜೆ ಬಸ್ ನಿಲ್ದಾಣದಿಂದ ಬರುವಾಗ ಅವಳನ್ನು ಶಾಲೆಯ ಗೋಡೆಗೆ ನಿಲ್ಲಿಸಿ ನೆತ್ತಿಯ ಮೇಲೆ ಅಂಗೈ ಇಡುತ್ತಿದ್ದೆ. ಹಾಲು ಕುಡಿಸಿದೆ, ಮೊಳಕೆಕಾಳು ತಿನ್ನಿಸಿದೆ, ಬೇವಿನ ಮರಕ್ಕೆ ಜೋತಾಡಿಸಿದೆ. ಒಂದು ಬೆರಳು ಬೆಳೆದರೆ ಅವಳು ಕಾನೂನಿನ ಹುಡುಗಿ. ಅಷ್ಟರೊಳಗೆ ಯಾರಾದರೂ ಲಾಡಿಗೆ ಕೈ ಹಾಕಿದರೆ ನಮ್ಮ ಹಾಗೆ, ನಮಗಿಂತಲೂ ಗಿಡ್ಡ, ಅಕ್ಕನಿಗಿಂತಲೂ ಇಕ್ಕಟ್ಟು.

"ಚಿಗವ್ವಾ, ನಾ ಎತ್ತರ ಆದ ಮ್ಯಾಲ ನಿಂಗ ಮ್ಯಾಲಿನ ಪುಸ್ತಕ ತಗದ ಕೊಡ್ತೀನಿ," ಎಂದಳು ಒಂದು ದಿನ. ನಾನು ಅಂಗೈಯನ್ನು ಅವಳ ನೆತ್ತಿಯ ಮೇಲೆ ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಇಟ್ಟುಕೊಂಡಿದ್ದೆ.

ಅವಳ ತಂದೆ ಗುರುಬಸಪ್ಪ ಭಾವ ಹಿಟ್ಟಿನ ಗಿರಣಿ ನಡೆಸುತ್ತಾನೆ. ಮತ್ತೆ ಮದುವೆಯಾಗಿದ್ದಾನೆ, ಕೆಟ್ಟವನಲ್ಲ. ಹಬ್ಬಕ್ಕೆ ಮಗಳಿಗೆ ಬಟ್ಟೆ ತರುತ್ತಾನೆ. ಆ ವರ್ಷ ಹೊಸ ಮನೆ ಕಟ್ಟಿಸುತ್ತಿದ್ದ. ಗೃಹಪ್ರವೇಶಕ್ಕೆ ಕರೆಯಲು ಬಂದವನು ಅಡುಗೆಮನೆಯ ಬಾಗಿಲ ಹೊರಗೆ ಕುಕ್ಕುರುಗಾಲಲ್ಲಿ ಕುಳಿತು ಒಳಗಿದ್ದ ಅವ್ವನೊಂದಿಗೆ ಮಾತಾಡಿದ.

"ಅತ್ತಿ, ಕೂಸು ಗೆರಿ ದಾಟಾಕ ಬಂದೈತಿ. ದಾಟಿದ್ರ ಮುಗೀತು. ಉದ್ದ ಆಗಿ ಪಡಸಾಲ್ಯಾಗ ಗಂಡಸರ ಪಂಕ್ತ್ಯಾಗ ಕುಂತ ಉಣ್ಣಾಕಿನ್ನ ಯಾರ ಮಾಡ್ಕೋತಾರ? ಯಾವ ಒಲಿ ಮುಂದ ನಿಂದರಬೇಕ ಅದು?"

"ಭಾವಾರ, ಅಕ್ಕ ಹೆಂಗ ಹ್ವಾದ್ಲು ಅನ್ನೂದು ನೆನಪೈತಿಲ್ಲೋ ನಿಮಗ?" ಎಂದೆ ನಾನು.

"ನೆನಪ ಇಲ್ಲದ ಹೆಂಗ್ ದಾಕ್ಷವ್ವ. ಅಕಿ ಹ್ವಾದ ಮನೀನ ಬ್ಯಾಡಂತ ಹೊಸಾದು ಕಟ್ಸೀನಿ." ಅವನ ದನಿ ಸಹಜವಾಗಿಯೇ ಇತ್ತು. "ಎಲ್ಲಾರೂ ಸಾಯೂದಿಲ್ಲಲ್ಲ. ಆದ್ರ ಉದ್ದ ಆದವ್ರನ್ನ ಯಾರೂ ಮಾಡ್ಕೊಳ್ಳೂದಿಲ್ಲ. ಅದು ಎಲ್ಲಾರಿಗೂ ಆಗ್ತೈತಿ."

ಆಮೇಲೆ ಅವ್ವನ ಕಡೆಗೆ ಬಗ್ಗಿ, "ನಿಮ್ಮ ಕೈ ಹಗುರ. ಬ್ಯಾರೇದವ್ರ ಕೈಯಾಗ ಕೊಡಾಕ ನನಗ ಮನಸ್ಸಿಲ್ಲ," ಎಂದ.

ಅವ್ವ ಒಲೆಯ ಬೂದಿ ಕೆದಕುತ್ತ ಇದ್ದಳು. "ಆಗ್ಲಿ," ಎಂದಳು.

ಅವತ್ತಿನಿಂದ ನಾನು ಅವ್ವನ ಜೊತೆ ಮಾತು ಬಿಟ್ಟೆ. ಅವಳೂ ಮಾತಾಡಿಸಲಿಲ್ಲ. ಕಸ್ತೂರಿಯನ್ನು ನನ್ನ ಜೊತೆ ಕೆಲಸಕ್ಕೆ ಕರೆದೊಯ್ದೆ. ಅವಳು ನನ್ನ ಎತ್ತರದ ಸ್ಟೂಲಿನ ಕೆಳಗೆ ಕುಳಿತು ಬಸ್ಸುಗಳ ಊರು ಕೂಗುತ್ತಿದ್ದಳು. ಮನೆಯಲ್ಲಿ ನಾನು ಸ್ನಾನಕ್ಕೆ ಹೋದರೂ ಅವಳನ್ನು ಬಾಗಿಲಿಗೆ ನಿಲ್ಲಿಸಿ ಹಾಡು ಹೇಳಿಸುತ್ತಿದ್ದೆ, ದನಿ ನಿಂತರೆ ತಿಳಿಯಲಿ ಎಂದು. ಗೃಹಪ್ರವೇಶದ ದಿನ ಬೆಳಿಗ್ಗೆ ಅವಳಿಗೆ ಮೈ ಬೆಚ್ಚಗಾಗಿತ್ತು. ಕರೆದೊಯ್ಯುವಂತಿರಲಿಲ್ಲ. ನಾನೂ ಹೋಗುವುದಿಲ್ಲ ಎಂದೆ, ಗೋಡೆಗೆ ಹೇಳುವ ಹಾಗೆ. ಅವ್ವ ಅಷ್ಟು ದಿನದ ಮೇಲೆ ಬಾಯಿ ಬಿಟ್ಟಳು.

"ನಾವಿಬ್ಬರೂ ಹೋಗ್ಲಿಲ್ಲಂದ್ರ ಅವನ ಬಂದ ಕೂಸಿನ್ನ ಕರ್ಕೊಂಡ ಹೋಗ್ತಾನ. ಅಲ್ಲಿ ಯಾರ್ ಕೈ ಇರ್ತೈತೋ. ನೀ ಹೋಗಿ ಮಾರಿ ತೋರ್ಸಿ ಬಾ."

ಕಸ್ತೂರಿಯ ಉಡುದಾರವನ್ನೂ ಲಾಡಿಯನ್ನೂ ಕಿತ್ತು ನನ್ನ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಲಂಗಕ್ಕೆ ಪಿನ್ನು ಹಾಕಿದೆ. ಉಪ್ಪಿನ ಮಡಕೆಯ ಹಿಂದೆ ಕೈಯಾಡಿಸಿದೆ. ದಾರದ ಉಂಡೆ ಅಲ್ಲಿರಲಿಲ್ಲ. ಅವ್ವನ ಮುಖ ನೋಡಿದೆ; ಅವಳು ಅಕ್ಕಿ ಆರಿಸುತ್ತಿದ್ದಳು. ಭಾವ ಬಂದೇಬಿಡುತ್ತಾನೆ ಎಂಬುದೂ ನಿಜವಾಗಿತ್ತು. ಹೋಗಿ ಕುಂಕುಮ ಹಚ್ಚಿಸಿಕೊಂಡು ನಿಂತ ಕಾಲಲ್ಲಿ ತಿರುಗಿ ಬರುವುದು ಎಂದುಕೊಂಡು ಹೊರಟೆ.

ಹೊಸ ಮನೆಗೆ ಸುಣ್ಣದ ವಾಸನೆ. ಪಡಸಾಲೆಯಲ್ಲಿ ಗಂಡಸರು, ಹಿಂದೆ ಹೆಂಗಸರ ಗದ್ದಲ. ಹಾಲು ಉಕ್ಕಿಸಲು ಕರೆದರು. ಹೊಸ ಅಡುಗೆಮನೆಯೊಳಗೆ ಕಾಲಿಟ್ಟೆ. ತಲೆ ತೊಲೆಗೆ ಬಡಿಯಿತು.

ನನಗೆ ಏನಾಯಿತೆಂದೇ ತಿಳಿಯಲಿಲ್ಲ. ಮೂವತ್ತರ ಹತ್ತಿರ ಬಂದ ನಾನು ಜೀವಮಾನದಲ್ಲಿ ಯಾವ ಬಾಗಿಲಿಗೂ ತಲೆ ಬಗ್ಗಿಸಿದವಳಲ್ಲ. ಬಾಗಿಲಿಗೆ ಬಗ್ಗುವುದು ಗಂಡಸರ ಕೆಲಸ, ಪರದೇಶದವರ ಕೆಲಸ. ಹಿಂದಕ್ಕೆ ಸರಿದು ನೋಡಿದೆ. ತೊಲೆ ನನ್ನ ನೆತ್ತಿಗಿಂತ ಒಂದು ಬೆರಳು ಕೆಳಗಿತ್ತು. ಒಳಗಿದ್ದ ಹೆಂಗಸರೆಲ್ಲ ಕತ್ತು ಬಗ್ಗಿಸಿಕೊಂಡೇ ನಿಂತಿದ್ದರು, ನಗುತ್ತಿದ್ದರು. "ಇನ್ನ ಮ್ಯಾಲೆ ಎಲ್ಲಾರೂ ಹಿಂಗ ಕಟ್ಟಸ್ತಾರಂತವ್ವ. ನಾವು ಈಗ ಎತ್ತರದವ್ರ ಆದ್ವಿ ನೋಡ," ಎಂದಳು ಒಬ್ಬಳು.

ಭಾವ ಹೊರಗಿನಿಂದ ಬಗ್ಗಿ ಇಣುಕಿದ. "ಪೆಟ್ಟಾತೇನ ದಾಕ್ಷವ್ವ? ಕಸ್ತೂರಿ ಅಳತಿಗೆ ಕಟ್ಸೀನಿ. ನಾಳಿ ಅಕಿನೂ ಬಂದ ಇರಾಕಿ ಅಲ್ಲೇನ? ಅತ್ತಿ ಇಷ್ಟೊತ್ತಿಗೆ ಮುಗಿಸಿರಬೇಕು."

ಹಾಲು ಉಕ್ಕಿತು. ನಾನು ಓಡಿದೆ. ನಮ್ಮ ಕಾಲುಗಳಿಗೆ ಓಡುವುದು ಬರುವುದಿಲ್ಲ. ದಾರಿಯಲ್ಲಿ ಗಂಡಸರು ನಿಂತು ನೋಡಿದರು. ಹೆಂಗಸು ಓಡಿದರೆ ಮಗು ಆಡುತ್ತಿದೆ ಎನಿಸುತ್ತದೆ ಅವರಿಗೆ. ಗಿರಣಿ ದಾಟಿದೆ, ಶಾಲೆಯ ಗೋಡೆ ದಾಟಿದೆ. ಮನೆಯ ಮುಂಬಾಗಿಲು ಒಳಗಿನಿಂದ ಹಾಕಿತ್ತು. ಕಸ್ತೂರಿಯ ಹೆಸರು ಕೂಗಿದೆ. ಒಳಗಿನಿಂದ ಏನೋ ಕುಟ್ಟುವ ಸದ್ದು ಬರುತ್ತಿತ್ತು, ನಿಂತಿತು. ಬಾಗಿಲು ತೆರೆದವಳು ಕಸ್ತೂರಿ. ಮೈಯೆಲ್ಲ ಕೆಮ್ಮಣ್ಣು, ಲಂಗಕ್ಕೆ ನಾನು ಹಾಕಿದ ಪಿನ್ನು ಹಾಗೇ ಇತ್ತು, ತಲೆಯ ಮೇಲೆ ಸಿಂಬಿ, ಕೈಯಲ್ಲಿ ಖಾಲಿ ಬುಟ್ಟಿ.

"ಜ್ವರ?"

"ಬೆವತು ಬಿಟ್ಟತು ಚಿಗವ್ವಾ. ಅಜ್ಜಿ ಕೆಲ್ಸ ಹಚ್ಚ್ಯಾಳ."

ಅಡುಗೆಮನೆಯ ಹೊಸ್ತಿಲು ಇರಲಿಲ್ಲ. ಅದನ್ನು ಕಿತ್ತು ಅರಿಶಿನ ಕುಂಕುಮದ ಸಮೇತ ಗೋಡೆಗೆ ಒರಗಿಸಿ ಇಟ್ಟಿದ್ದಳು. ಹೊಸ್ತಿಲಿದ್ದ ಜಾಗದಿಂದ ನೆಲ ಒಳಕ್ಕೆ ಇಳಿದು ಹೋಗಿತ್ತು. ಅವ್ವ ಆ ಗುಂಡಿಯಲ್ಲಿ ನಿಂತಿದ್ದಳು, ಸೆರಗು ಸೊಂಟಕ್ಕೆ ಸಿಗಿಸಿ, ಕೈಯಲ್ಲಿ ಗುದ್ದಲಿ. ಹಿಂಬಾಗಿಲ ಆಚೆ ಮಣ್ಣಿನ ಗುಪ್ಪೆ. ಒಲೆಯಿದ್ದ ಕಟ್ಟೆಯನ್ನು ಮಾತ್ರ ಅಗೆಯದೆ ಬಿಟ್ಟಿದ್ದಳು. ಅದು ಈಗ ಅವಳ ಸೊಂಟದ ಮಟ್ಟದಲ್ಲಿತ್ತು. ಪ್ರತಿ ಅಮಾವಾಸ್ಯೆಗೆ ಈ ನೆಲವನ್ನು ಕೆರೆದು, ಮಣ್ಣು ಹಾಕಿ, ಸಾರಿಸುವವಳು ಅವಳೇ. ಯಾವ ಅಣ್ಣತಮ್ಮಂದಿರೂ ಇದನ್ನು ಯಾವತ್ತೂ ನೋಡಿಲ್ಲ.

ನಾನು ತೊಲೆಯ ಕೆಳಗೆ ನಿಂತೆ. ಅವ್ವ ಗುದ್ದಲಿಗೆ ಒರಗಿ ದಮ್ಮು ತಿರುಗಿಸಿಕೊಂಡಳು.

"ಸೂರ ಎತ್ತಾಕ ಊರ ಗಂಡಸರೆಲ್ಲಾ ಹೂಂ ಅನ್ನಬೇಕಂತ. ನೆಲಾ ಅಗ್ಯಾಕ ಯಾರನ್ನ ಕೇಳ್ಬೇಕು?"

"ಭಾವ ಬರ್ತಾನ," ಎಂದೆ.

"ಬರ್ಲಿ. ಒಳಗ ಹ್ಯಾಂಗ ಬರ್ತಾನ?"

ಅವ್ವ ಗುದ್ದಲಿಯನ್ನು ಗೋಡೆಗೆ ಒರಗಿಸಿದಳು. ಆಮೇಲೆ ಸೊಂಟದಿಂದ ದಾರದ ಉಂಡೆ ತೆಗೆದಳು. ಒಂದು ತುದಿಯನ್ನು ಸೂರಿನ ಜಂತಿಗೆ ಹಿಡಿಯಲು ನನಗೆ ಹೇಳಿದಳು. ನಾನು ಒಲೆಯ ಕಟ್ಟೆ ಹತ್ತಿ ಹಿಡಿದೆ. ಇನ್ನೊಂದು ತುದಿಯನ್ನು ಅವಳು ಗುಂಡಿಯ ತಳಕ್ಕೆ ಇಳಿಬಿಟ್ಟು, ಕಣ್ಣು ಕಿರಿದು ಮಾಡಿ ಅಳೆದಳು.

"ಆ ಸಮಿತಿ ಬಾಯಿ ಎಷ್ಟ ಎತ್ತರ ಇದ್ಲ? ಹಣಿ ಬಡ್ಕೊಂಡ್ಲಲ್ಲ, ಅಕಿ."

ನಾನು ಕೈ ಎತ್ತಿ ಗಾಳಿಯಲ್ಲಿ ತೋರಿಸಿದೆ. ಅವ್ವ ನೋಡಿದಳು.

"ಹಂಗಾರ ಇನ್ನೂ ಅಗೀಬೇಕು," ಎಂದು ದಾರವನ್ನು ಗುದ್ದಲಿಯ ಸಡಿಲವಾಗಿದ್ದ ಹಿಡಿಗೆ ಸುತ್ತಿ, ಬಿಗಿದು, ಗಂಟು ಹಾಕಿದಳು. ಕಸ್ತೂರಿ ಬುಟ್ಟಿ ಮುಂದೆ ಹಿಡಿದಳು.

"ಅವ್ವಾ, ಇಷ್ಟ ಕೆಳಗಿಳದ್ರ ಒಲಿ ನಮಗ ಎಟುಕೂದಿಲ್ಲ. ನೀನೂ ನಾನೂ ಅಡಗಿ ಹ್ಯಾಂಗ ಮಾಡೂದು?" ಎಂದೆ.

"ಮಣಿ ಇಟಗೊಂಡ ಏರಿ ನಿಂದ್ರೂದು," ಎಂದಳು ಅವ್ವ. "ನಮಗೇನ ಹೊಸಾದು?"

ನಾನು ಸೀರೆ ಎತ್ತಿ ಕಟ್ಟಿ ಗುಂಡಿಗೆ ಇಳಿದೆ.